ಕಾಲು ರೆಡಿ, ಉಸಿರು ರೆಡಿ ಇಲ್ಲ

ದಾವಣಗೆರೆಯಲ್ಲಿ ಆಪ್ತಸಲಹೆ ಕೊಡುವ ನನ್ನ ಮುಂದೆ, ಕೀಲುನೋವಿನ ಮರೆಯಲ್ಲಿ ಉಸಿರಿನ ತೊಂದರೆ ಯಾರ ಗಮನಕ್ಕೂ ಬಾರದೇ ಹೋದ ಪ್ರಕರಣ ಬಂದಿದ್ದು ಇದು ಮೂರನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಈ ಅಮ್ಮನ ವಯಸ್ಸು 55ರ ಆಸುಪಾಸು. ಮಂಡಕ್ಕಿ ಭಟ್ಟಿಯಲ್ಲಿ ವರ್ಷಗಟ್ಟಲೆ ದುಡಿದವರು. 6 ವರ್ಷದಿಂದ ರುಮಟಾಯ್ಡ್ ಸಂಧಿವಾತ, ಅಂದರೆ ಕೀಲುಗಳು ಊದಿ ನೋಯುವ ಕಾಯಿಲೆ. ‘ಯಾವ ಕೆಲಸಕ್ಕೂ ಏಳಲ್ಲ, ಮಂಕಾಗಿ ಕೂತಿರ್ತಾರೆ’ ಅಂತ ಸೊಸೆ ಕರೆತಂದಿದ್ದಳು. ದಿನವೂ ನೋವು ತಿನ್ನುವವರಿಗೆ ಖಿನ್ನತೆ ಬರುವುದು ಸಹಜ. ಮೊದಲ ಎರಡು ಭೇಟಿ ನಾನೂ ಅದೇ ದಾರಿ ಹಿಡಿದೆ.

ನನ್ನ ಕೋಣೆ ಇರುವುದು ಮಹಡಿ ಮೇಲೆ. ಮೂರನೇ ಸಲ ಅಮ್ಮ ಹತ್ತಿ ಬಂದು ಕೂತರು. ಎರಡು ನಿಮಿಷ ಮಾತೇ ಇಲ್ಲ. ‘ಮಂಡಿ ನೋವಾ ಅಮ್ಮ? ಮುಂದಿನ ಸಲ ಕೆಳಗೇ ಕೂರೋಣ’ ಅಂದೆ.

‘ಇಲ್ಲ ಮೇಡಂ. ಮಾತ್ರೆ ತಗೊಂಡ ಮೇಲೆ ಮಂಡಿ ಚೊಲೋ ಐತಿ. ಕಾಲು ರೆಡಿ ಐತಿ, ಉಸಿರು ರೆಡಿ ಇಲ್ಲ.’

ಪೆನ್ನು ಕೆಳಗಿಟ್ಟೆ. ಎಷ್ಟು ದಿನದಿಂದ ಅಂತ ಕೇಳಿದೆ. ಒಂದೂವರೆ ವರ್ಷ! ಒಣ ಕೆಮ್ಮು, ಕಫ ಇಲ್ಲ. ಭಟ್ಟಿ ಹೊಗೆ ಅಂತ ಎಲ್ಲರೂ ಅಂದರು. ಒಬ್ಬ ಡಾಕ್ಟರು ಸಿರಪ್ ಬರೆದರು. ಇನ್ನೊಬ್ಬರು ಟಿಬಿ ಇರಬಹುದು ಅಂತ ಕಫ ಪರೀಕ್ಷೆ ಮಾಡಿಸಿದರು, ಏನೂ ಸಿಗಲಿಲ್ಲ. ಎಕ್ಸ್‌ರೇ ಕೂಡ ಸರಿ ಇತ್ತು. ಅಲ್ಲಿಗೆ ಮನೆಯವರು ನಿರಾಳ.

‘ಕೀಲಿನ ಡಾಕ್ಟರಿಗೆ ಹೇಳಿದ್ರಾ?’

‘ಅವರು ಬೆರಳು ಒತ್ತಿ ನೋಡ್ತಾರೆ. ಕೆಮ್ಮಿನ ವಿಷಯ ಅಲ್ಲಿ ಯಾಕೆ ಅಂತ ಸುಮ್ನಿದ್ದೆ.’

ಆ ಮೂರೂ ಪ್ರಕರಣಗಳು ಕೈಜಾರಿದ್ದು ಇಲ್ಲೇ. ಈ ಸಂಧಿವಾತ ಬರೀ ಕೀಲಿನ ಕಾಯಿಲೆ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಶ್ವಾಸಕೋಶದಲ್ಲೂ ಉರಿಯೂತ ಆಗಿ, ಗಾಯದ ಗುರುತಿನಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಬೀಡಿ ಸಿಗರೇಟು ಸೇದುವವರಿಗೆ, ವಯಸ್ಸಾದವರಿಗೆ, ಗಂಡಸರಿಗೆ ಅಪಾಯ ಜಾಸ್ತಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಇನ್ನೊಂದು ಮಾತು. ನೋವಿರುವವರು ನಡೆಯುವುದೇ ಕಡಿಮೆ. ನಡೆಯದವರಿಗೆ ದಮ್ಮು ಗೊತ್ತಾಗುವುದಾದರೂ ಹೇಗೆ? ಗೊತ್ತಾದಾಗಲೂ ಅಪವಾದ ಮಂಡಿಯ ಮೇಲೆಯೇ.

ನಾನು ಕೊಟ್ಟ ಸಲಹೆ ಇಷ್ಟೇ. ಈ ವಾರವೇ ಕೀಲಿನ ಡಾಕ್ಟರ ಹತ್ತಿರ ಹೋಗಿ. ಬೆರಳು ಚಾಚುವ ಮೊದಲೇ ಉಸಿರಿನ ಮಾತು ಎತ್ತಿ. ಬೆನ್ನ ಕಡೆಯಿಂದ ಶ್ವಾಸಕೋಶದ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ಕೇಳಿ ಅಂತ ಬೇಡಿಕೊಳ್ಳಿ. ಎದೆಯ ಸಿಟಿ ಸ್ಕ್ಯಾನ್, ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆ ಬೇಕಾ ಅಂತ ವಿಚಾರಿಸಿ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಅಮ್ಮನಿಂದ ಎರಡು ಸಲ ಬಾಯಲ್ಲಿ ಹೇಳಿಸಿದೆ.

ಸಂಧಿವಾತಕ್ಕೆ ವಾರಕ್ಕೊಮ್ಮೆ ತಗೊಳ್ಳುವ ಮೆಥೊಟ್ರೆಕ್ಸೇಟ್ ಮಾತ್ರೆ ಶ್ವಾಸಕೋಶ ಹಾಳು ಮಾಡುತ್ತೆ ಅಂತ ಸೊಸೆ ಎಲ್ಲೋ ಕೇಳಿದ್ದಳು, ನಿಲ್ಲಿಸಿಬಿಡೋಣ ಅಂದಳು. ಬೇಡ ಅಂದೆ. ಅಪರೂಪಕ್ಕೆ ಆ ಮಾತ್ರೆಯಿಂದ ಶ್ವಾಸಕೋಶಕ್ಕೆ ದಿಢೀರ್ ಉರಿಯೂತ ಬರುವುದುಂಟು. ಜ್ವರದ ಜೊತೆ ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಆದರೆ ಮಾತ್ರೆ ಬೇಕೋ ಬೇಡವೋ ಅಂತ ಹೇಳಬೇಕಾದವರು ಡಾಕ್ಟರು. ಮನೆಯಲ್ಲಿ ಕೂತು ನಿಲ್ಲಿಸಿದರೆ ಕೀಲು ಮತ್ತೆ ಕೆರಳುತ್ತದೆ.

‘ಇದು ವೈದ್ಯರ ಕೆಲಸ, ನಿಮಗ್ಯಾಕೆ?’ ಅಂದರು ಸಹೋದ್ಯೋಗಿಯೊಬ್ಬರು. ನಾನು ಕಾಯಿಲೆಯ ಹೆಸರು ಹೇಳಲಿಲ್ಲ, ಔಷಧಿ ಬರೆಯಲಿಲ್ಲ. ನುಂಗಿಕೊಂಡಿದ್ದ ಮಾತನ್ನು ಸರಿಯಾದ ಜಾಗದಲ್ಲಿ ಆಡುವ ಧೈರ್ಯ ಕೊಟ್ಟೆ. ಅದು ನನ್ನದೇ ಕೆಲಸ ಅಂತ ಈಗಲೂ ನಂಬುತ್ತೇನೆ.

ಡಾಕ್ಟರಿಗೆ ಬೆನ್ನಲ್ಲಿ ಚಪ್ಪಲಿಯ ವೆಲ್ಕ್ರೋ ಪಟ್ಟಿ ಬಿಚ್ಚಿದಂಥ ಸದ್ದು ಕೇಳಿಸಿತು. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದ ಕೆಳಭಾಗ ಗಟ್ಟಿಯಾಗಿತ್ತು. ಈಗ ಚಿಕಿತ್ಸೆ ನಡೆಯುತ್ತಿದೆ. ಭಟ್ಟಿಗೆ ಹೋಗುವುದು ನಿಂತಿದೆ.

ಕಳೆದ ಭೇಟಿಯಲ್ಲಿ ಸೊಸೆ ಅತ್ತಳು. ‘ಸೋಮಾರಿ ಅಂತ ಎಷ್ಟು ಬೈದೆ ಅತ್ತೆ’ ಅಂದಳು. ಅಮ್ಮ ಅವಳ ತಲೆ ಸವರಿದರು.

‘ಬಿಡವ್ವ. ನಂಗೂ ಹಂಗೇ ಅನ್ಸಿತ್ತು.’