ಮಗಳು ಕಣ ಭೌತಶಾಸ್ತ್ರದ ಥಿಯರಿ ಓದಬಹುದಾ?

ಡೊಂಬಿವಲಿಯವರೇ, ಎಂಎಸ್ಸಿ ಮೊದಲ ವರ್ಷದ ಮಗಳು ಕಣ ಭೌತಶಾಸ್ತ್ರದ ಥಿಯರಿಗೆ ಹೋದರೆ ಕಾಯಂ ಕೆಲಸ ಯಾವಾಗ ಅಂತ ಕೇಳಿದ್ದೀರಿ. ಸಿಕ್ಕರೆ 35ರ ಆಸುಪಾಸು.

ಮುಂಬೈ ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಇರಲಿ, ಪುಣೆಯ ವಿಜ್ಞಾನ ಸಂಸ್ಥೆ ಐಸರ್ ಇರಲಿ, ಪಿಎಚ್‌ಡಿಗೆ 5-6 ವರ್ಷ. ಸ್ಟೈಪೆಂಡ್ ಬರುತ್ತದೆ, ಆ ಚಿಂತೆ ಬೇಡ. ಕಷ್ಟ ಇರುವುದು ಆಮೇಲೆ. ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ: 2-3 ವರ್ಷಕ್ಕೊಂದು ಊರು, ಹೆಚ್ಚಾಗಿ ಹೊರದೇಶ. ನಾನು ಎರಡು ಮಾಡಿದೆ. ಪ್ರತಿ ಸಲ ಚಳಿಗಾಲಕ್ಕೆ ಮುಂಚೆ ಐವತ್ತು ಅರ್ಜಿ, ಆಮೇಲೆ ರಾತ್ರಿ ಎರಡಕ್ಕೆ ಎದ್ದು ಮೇಲ್ ನೋಡುವುದು. ಅಮ್ಮನದು ಫೋನಿನಲ್ಲಿ ಒಂದೇ ಪ್ರಶ್ನೆ: ‘ಇನ್ನೂ ಓದು ಮುಗಿದಿಲ್ವೇನೋ?’

ಸುಮ್ನೆ ಹೆದರಿಸುತ್ತಿಲ್ಲ. ಮೊದಲು ಟಿಐಎಫ್‌ಆರ್‌ನ ಬೇಸಿಗೆ ಕಾರ್ಯಕ್ರಮಕ್ಕೆ, ವಿಎಸ್‌ಆರ್‌ಪಿಗೆ, ಅರ್ಜಿ ಹಾಕಲಿ. ಜೊತೆಗೆ ಕೋಡಿಂಗ್ ಕಲಿಯಲಿ, ಬೇರೆ ಕೆಲಸಕ್ಕೂ ದಾರಿಯಾಗುತ್ತದೆ. ನನ್ನ ಜೊತೆಗಿದ್ದವನೊಬ್ಬ ಈಗ ಮುಂಬೈ ಬಿಕೆಸಿಯ ಬ್ಯಾಂಕಿನಲ್ಲಿದ್ದಾನೆ, ನನಗಿಂತ ಜಾಸ್ತಿ ಸಂಬಳ!