ನಲವತ್ತು ದೀಪ ಉರಿಯುವ ಊರಿಗೆ ಹೆಸರಿಲ್ಲವೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ನಲವತ್ತು ಮನೆ. ಜನ 'ಮೇಲಿನ ಕಾಲೊನಿ' ಅಂತಾರೆ. ಅಜ್ಜನ ಕಾಲದಿಂದ ಇದ್ದೇವೆ, ಆದರೆ ಯಾವ ದಾಖಲೆಯಲ್ಲೂ ಈ ಹೆಸರಿಲ್ಲ. ನಮ್ಮದು ಊರಲ್ವಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಊರೇ, ಅನುಮಾನ ಬೇಡ. ಕಂದಾಯ ಇಲಾಖೆಗೆ ಗ್ರಾಮ ಅಂದರೆ ಗಡಿ, ನಕ್ಷೆ, ಸರ್ವೆ ನಂಬರು. ಅದರೊಳಗೆ ಅಲ್ಲಲ್ಲಿ ಹುಟ್ಟಿದ ಹಟ್ಟಿ, ಹಾಡಿ, ಕಾಲೊನಿಗಳೆಲ್ಲ ಆ ಒಂದೇ ಹೆಸರಿನಡಿ ಸೇರಿಹೋಗುತ್ತವೆ. ಮನೆಗಳು ಚದುರಿಕೊಂಡಿರುವ ಮಲೆನಾಡಲ್ಲಂತೂ ಇದು ಜಾಸ್ತಿ.

ದಾಖಲೆಗಳಲ್ಲಿ 'ಬೇಚರಾಕ್ ಗ್ರಾಮ' ಅಂತ ಇರುತ್ತವೆ, ಕೇಳಿದ್ದೀರಾ? ಪಾರಸಿಯ ಬೇ-ಚಿರಾಗ್, ಅಂದರೆ ದೀಪವಿಲ್ಲದ್ದು. ಜನ ಬಿಟ್ಟುಹೋಗಿ ದೀಪ ಹಚ್ಚುವವರೇ ಇಲ್ಲದ ಆ ಊರಿಗೆ ಹೆಸರೂ ಇದೆ, ನಕ್ಷೆಯೂ ಇದೆ. ನಿಮ್ಮಲ್ಲಿ ನಲವತ್ತು ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಹೆಸರಿಲ್ಲ ಅನ್ನುವುದು ನನಗೆ ನಿಜಕ್ಕೂ ಸಂಕಟದ ಮಾತು.

ಇಂಥ ಕಾಲೊನಿಗಳ ಬೇರು ಹೆಚ್ಚಾಗಿ ಲೈನು ಮನೆಗಳಲ್ಲಿ, ಅಂದರೆ ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿದೆ. ಕಾಫಿ ತೋಟಗಳು ಹಬ್ಬಿದ ಕಾಲಕ್ಕೆ ಮೇಸ್ತ್ರಿಗಳು ಮುಂಗಡ ಕೊಟ್ಟು ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ ಆಳುಗಳನ್ನು ಕರೆತಂದರು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರು ಮನೆ ಕೊಡಲೇಬೇಕು ಅಂದಿತು. ಆದರೆ ಆ ಮನೆ ತೋಟದ ಕೆಲಸಕ್ಕೆ ಅಂಟಿಕೊಂಡದ್ದು. ಮೈಯಲ್ಲಿ ಶಕ್ತಿ ಹೋಗಿ ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು, ಆಗ ಎಲ್ಲಿಗೆ ಹೋಗಬೇಕು? ಪಕ್ಕದ ಸರ್ಕಾರಿ ಗುಡ್ಡದಲ್ಲೇ ಗುಡಿಸಲು ಹಾಕಿಕೊಂಡರು, ಒಬ್ಬರ ಹಿಂದೆ ಇನ್ನೊಬ್ಬರು ಬಂದರು.

ಈಗ ನಿಮಗೆ ವೋಟು, ರೇಷನ್ ಕಾರ್ಡು ಇದ್ದರೂ ಹಕ್ಕುಪತ್ರವಿಲ್ಲದೆ ಮನೆಯ ಮೇಲೆ ಸಾಲ ಹುಟ್ಟುವುದು ಕಷ್ಟ. ದಾರಿ ಇದೆ. ದಾಖಲೆ ಇಲ್ಲದ ಜನವಸತಿಯನ್ನು ಕಂದಾಯ ಗ್ರಾಮ ಮಾಡಿ, ಭೂಕಂದಾಯ ಕಾಯ್ದೆಯ 94ಡಿ ಕಲಂನಲ್ಲಿ ಮನೆಯ ಜಾಗಕ್ಕೆ ಹಕ್ಕುಪತ್ರ ಕೊಡುತ್ತಾರೆ. 2023ರ ಜನವರಿಯಲ್ಲಿ ಕಲಬುರಗಿಯ ಮಳಖೇಡದಲ್ಲಿ ಸುಮಾರು 50 ಸಾವಿರ ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿದ್ದು ನೆನಪಿರಬಹುದು.

ಮೊದಲು ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗಿ ಜಾಗ ಯಾರದ್ದು ಅಂತ ನೋಡಿ. ಎಲ್ಲವೂ ಅದರ ಮೇಲೇ ನಿಂತಿದೆ. ಸರ್ಕಾರದ ಕಂದಾಯ ಭೂಮಿಯಾದರೆ 94ಡಿ. ಖಾಸಗಿ ಜಮೀನಾದರೆ ಭೂಸುಧಾರಣಾ ಕಾಯ್ದೆಯ 38ಎ, ಆದರೆ ಕಾಫಿ ತೋಟಗಳಿಗೆ ಆ ಕಾಯ್ದೆಯಲ್ಲಿ ದೊಡ್ಡ ವಿನಾಯಿತಿ ಇರುವುದರಿಂದ ವಕೀಲರನ್ನು ಕೇಳದೆ ಸುಮ್ನೆ ಅರ್ಜಿ ಹಾಕಬೇಡಿ. ಅರಣ್ಯವಾದರೆ 2006ರ ಅರಣ್ಯ ಹಕ್ಕು ಕಾಯ್ದೆ. ಅದರಲ್ಲಿ ಹಿರಿಯರು ಹೇಳಿ ಬರೆಸಿದ ಮಾತೂ ಸಾಕ್ಷಿಯಾಗುತ್ತದೆ. ಹಾಗಾಗಿ ಮೊದಲ ಗುಡಿಸಲು ಯಾರದ್ದು, ಯಾವ ತೋಟ ಬಿಟ್ಟು ಬಂದರು, ಎಲ್ಲಿಂದ ನೀರು ಹೊತ್ತರು ಅಂತ ನಿಮ್ಮ ಅಜ್ಜ ಅಜ್ಜಿಯರನ್ನು ಈ ವಾರವೇ ಕೇಳಿ ಬರೆದಿಡಿ. ಹಳೆಯ ಕರೆಂಟು ಬಿಲ್ಲು, ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಯಾವುದನ್ನೂ ಬಿಸಾಡಬೇಡಿ.