ಸ್ಟೌಟ್ ಬರೀ ಕಹಿ ಅನ್ನಿಸಿದ್ದು ಯಾಕೆ?

ಚಳಿಗಾಲಕ್ಕೆಂದು ಬಂದ ಇಂಪೀರಿಯಲ್ ಸ್ಟೌಟ್ ಅನ್ನೋ ಕಪ್ಪು, ಸ್ಟ್ರಾಂಗ್ ಬಿಯರನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದೆ, ಲೇಬಲ್ ಮೇಲಿದ್ದ ಕಾಫಿ, ಚಾಕೊಲೇಟ್ ಎಲ್ಲೂ ಸಿಗಲಿಲ್ಲ, ಬಾಟಲಿ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿರಲಿಕ್ಕಿಲ್ಲ. ಜಾಸ್ತಿ ತಣ್ಣಗಿತ್ತು, ಅಷ್ಟೇ. ತಣ್ಣಗಿದ್ದಾಗ ಪರಿಮಳ ಮೇಲೇಳುವುದೇ ಇಲ್ಲ, ನಾಲಿಗೆಗೆ ಸಿಗುವುದು ಬರೀ ಸುಟ್ಟ ಕಹಿ.

ಇನ್ನೊಂದು ಬಾಟಲಿ ಇದೆಯಲ್ವಾ? ಕುಡಿಯುವ ಅರ್ಧ ಗಂಟೆ ಮೊದಲೇ ಹೊರಗಿಡಿ. 10ರಿಂದ 13 ಡಿಗ್ರಿ ಸೆಲ್ಸಿಯಸ್ ಸಾಕು. ಅಗಲ ಹೊಟ್ಟೆಯ ಗ್ಲಾಸಿಗೆ ಅರ್ಧದಷ್ಟೇ ಸುರಿದು, ಅಂಗೈಯಲ್ಲಿ ಹಿಡಿದು ಕೂತುಕೊಳ್ಳಿ. ಕಂದು ನೊರೆ ಇಳಿಯುತ್ತಾ ಬಂದಂತೆ ಮೊದಲು ಹುರಿದ ಕಾಫಿ ಬೀಜದ ವಾಸನೆ ಬರುತ್ತದೆ, ಆಮೇಲೆ ಬೆಲ್ಲದ ಪಾಕದ್ದು, ಒಣದ್ರಾಕ್ಷಿಯದ್ದು. ಎಷ್ಟೋ ಸ್ಟೌಟ್‌ಗಳಲ್ಲಿ ಕಾಫಿಯನ್ನಾಗಲಿ ಚಾಕೊಲೇಟನ್ನಾಗಲಿ ಹಾಕಿರುವುದೇ ಇಲ್ಲ. ಕಪ್ಪಗೆ ಹುರಿದ ಬಾರ್ಲಿಯೇ ಆ ರುಚಿ ಕೊಡುವುದು.

ನಾನಂತೂ ಕೊನೆಯ ಗುಟುಕಿಗೇ ಕಾಯುತ್ತೇನೆ, ಅದೇ ಚೆನ್ನಾಗಿರುತ್ತದೆ. ಆದರೆ ಇಂಪೀರಿಯಲ್ ಸ್ಟೌಟ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 8ರಿಂದ 12 ಇರುತ್ತದೆ, ಹಾಗಾಗಿ ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಳ್ಳಿ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಬಿಯರ್ ಹಳಸಿದೆ ಅಂತ ಅರ್ಥ, ಸುಮ್ನೆ ಚೆಲ್ಲಿಬಿಡಿ.